ಹನ್ನೊಂದು ಗಂಟೆಗೆ ಕರಗುವ ಗ್ರೀಸು

ಸಾಲಿಗ್ರಾಮದಲ್ಲಿ ಹೆದ್ದಾರಿ ಬದಿಗೆ ನನ್ನ ಅತ್ತೆಯ, ಎಂದರೆ ಅಪ್ಪನ ತಂಗಿಯ, ಕಬ್ಬಿನ ಹಾಲಿನ ಅಂಗಡಿಯಿದೆ. ಆ ಡಿಸೆಂಬರಿನಲ್ಲಿ ಅವಳ ಮಿಷನ್ ಬೆಳಿಗ್ಗೆ ತೆಪ್ಪಗಿದ್ದು, ಹನ್ನೊಂದರ ಹೊತ್ತಿಗೆ ಕಿರುಚತೊಡಗುತ್ತಿತ್ತು. ಬಸ್ ನಿಲ್ದಾಣದವರೆಗೂ ಕೇಳುತ್ತಿತ್ತು ಎಂದು ಬರೆಯಲು ಹೊರಟೆ. ನಿಜವಾಗಿಯೂ ಅಷ್ಟು ದೂರ ಕೇಳುತ್ತಿತ್ತೇ? ನನ್ನ ನೆನಪಿಗೆ ದೊಡ್ಡ ಸದ್ದನ್ನು ಇನ್ನಷ್ಟು ದೊಡ್ಡದು ಮಾಡುವ ಚಾಳಿಯಿದೆ. ಪಕ್ಕದ ಮನೆಗಂತೂ ಕೇಳುತ್ತಿತ್ತು. ಅಲ್ಲಿದ್ದ ಯಕ್ಷಗಾನದ ಹಿರಿಯ ವೇಷಧಾರಿ ಅದನ್ನು ಕೇಳಿಯೇ ಎದ್ದು ಬರುತ್ತಿದ್ದರು.

"ಹ್ವಾಯ್, ನಿಮ್ಮ ರಾಕ್ಷಸನ ಪ್ರವೇಶ ಆಯ್ತ್ ಕಾಣಿ. ನಂಗೊಂದ್ ಗ್ಲಾಸ್!"

ಅತ್ತೆಗೆ ನಗು ಬರುತ್ತಿರಲಿಲ್ಲ. ಹಿಂದೊಮ್ಮೆ ಹಲ್ಲುಚಕ್ರದಿಂದ ಗ್ರೀಸಿನ ಕಪ್ಪು ಹನಿ ಜಾರಿ ಯಾರದೋ ಗ್ಲಾಸಿಗೆ ಬಿದ್ದಿತ್ತು. ಅಂದೇ ಅವಳು ಗ್ರೀಸನ್ನೆಲ್ಲ ಒರೆಸಿ ತೆಂಗಿನೆಣ್ಣೆ ಹಚ್ಚಿದಳು. ನಮ್ಮಲ್ಲಿ ತಲೆಗೂ ಅದೇ, ಗಾಯಕ್ಕೂ ಅದೇ, ಹೊಲಿಗೆ ಮಿಷನ್ನಿಗೂ ಅದೇ. ಚಳಿಯ ಬೆಳಗಿನಲ್ಲಿ ಅದು ಹೆಪ್ಪುಗಟ್ಟಿ ಹಲ್ಲುಗಳ ನಡುವೆ ಬೆಳ್ಳಗೆ ನಿಂತಿರುತ್ತಿತ್ತು.

"ಕಾಣ್, ಗ್ರೀಸಿನ ಹಾಂಗೇ ಇತ್ತಲೆ!" ಎಂದು ಬೆರಳಿಂದ ಒತ್ತಿ ತೋರಿಸುತ್ತಿದ್ದಳು. ಬಿಸಿಲೇರಿದೊಡನೆ ಕರಗಿ ಇಳಿದುಹೋಗುತ್ತಿತ್ತು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ.

ರಿಪೇರಿಯವರು ನೋಡಿ, ಹಲ್ಲು ಸವೆಯುತ್ತಿದೆ, ಗ್ರೀಸು ಹಾಕದೆ ಹೀಗೇ ಓಡಿಸಿದರೆ ಮಿಷನ್ ಉಳಿಯುವುದಿಲ್ಲ ಎಂದರು. ಅತ್ತೆ ಬದುಕಿನಲ್ಲಿ ತನ್ನದೆಂದು ಮಾಡಿಕೊಂಡದ್ದು ಆ ಅಂಗಡಿಯೊಂದನ್ನೇ. ಆದರೂ ಅವಳು ಹಟ ಬಿಡಲಿಲ್ಲ.

"ದೇವಸ್ಥಾನದಿಂದ ಉಪಾಸ ಇದ್ದ್ ಜನ ಬತ್ರ್. ಆ ಕಪ್ಪಿಗೆ ಎಂತ ಕೊಬ್ಬ್ ಸೇರ್ಸಿರ್ತ್ರೋ ಯಾರಿಗ್ ಗೊತ್ತ್? ಬಾಗ್ಲ್ ಹಾಕ್ತೆ, ಅದನ್ನ್ ಮಾತ್ರ ಹಾಕುದಿಲ್ಲ."

ನಾನು ಬ್ರಹ್ಮಾವರದಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಗ್ರೀಸಿನ ಬಗ್ಗೆ ಓದಿದ್ದೆ, ಎಂದೂ ಕೊಂಡಿರಲಿಲ್ಲ. ಕುಂದಾಪುರದ ಬೇರಿಂಗ್ ಅಂಗಡಿಗೆ ಹೋದೆ.

"ಎಂತಕ್ಕೆ ಅಕ್ಕ? ಬೋಟಿಗಾ, ಲಾರಿಗಾ?" ಅಂಗಡಿಯವರು ಕೇಳಿದರು.

"ಕಬ್ಬಿನ ಹಾಲಿನ ಮಿಷನ್ನಿಗೆ."

"ಗಂಗೊಳ್ಳಿ ಬೋಟಿನರಿಗೆ ಉಪ್ಪುನೀರಿಗೆ ತೊಳ್ದ್ ಹೋಪದ್ ಬ್ಯಾಡ. ಲಾರಿಯರಿಗೆ ಬಿಸಿಗೆ ಕರ್ಗುದ್ ಬ್ಯಾಡ. ನಿಮಗೆಂತ ಬ್ಯಾಡ?"

ಬಿಸಿಲಿಗೆ ಕರಗಬಾರದು, ಕಬ್ಬಿನ ರಸಕ್ಕೆ ತೊಳೆದುಹೋಗಬಾರದು, ಪ್ರಾಣಿಯ ಕೊಬ್ಬಿರಬಾರದು, ತಪ್ಪಿ ಹೊಟ್ಟೆಗೆ ಹೋದರೂ ಕೇಡಾಗಬಾರದು ಎಂದೆ.

"ಮದುವಿಗೆ ಗಂಡ್ ಹುಡ್ಕುವತಿಗೂ ಇಷ್ಟ್ ಕೇಣುದಿಲ್ಲ ಮರಾಯ್ರೆ!" ಎಂದು ನಗುತ್ತ ಅವರು ಬೇಕರಿ, ಐಸ್‌ಕ್ರೀಂ ಮಿಷನ್ನುಗಳಿಗೆ ಹಾಕುವ ಬಿಳಿ ಗ್ರೀಸಿನ ಡಬ್ಬಿ ತೆಗೆದಿಟ್ಟರು.

ಕೊಬ್ಬಿಲ್ಲವೆಂದು ಡಬ್ಬಿಯ ಮೇಲಿದ್ದುದನ್ನು ಅತ್ತೆಗೆ ಓದಿ ಹೇಳಿದೆ. ಎಣ್ಣೆ ಹರಿದುಹೋಗದಂತೆ ಒಂದು ಬಗೆಯ ಸಾಬೂನಿನಲ್ಲಿ ಹಿಡಿದಿಟ್ಟರೆ ಅದೇ ಗ್ರೀಸು ಎಂದೂ ವಿವರಿಸಿದೆ.

"ಸಾಬೂನಾ? ಹಾಂಗಾರೆ ಮಡಿಯೇ ಆಯ್ತಲೆ!" ಅತ್ತೆಯ ಮುಖ ಅರಳಿತು.

ಹಳೆಯ ಎಣ್ಣೆಯೊಡನೆ ಬೆರೆತರೆ ಹೊಸದೂ ನೀರಾಗುತ್ತದೆಂದು ಹಲ್ಲುಗಳನ್ನು ಬಿಸಿನೀರಿನಲ್ಲಿ ಉಜ್ಜಿ, ಒಣಗಿಸಿ, ತೆಳ್ಳಗೆ ಹಚ್ಚಿದೆವು. ಹನ್ನೊಂದಾಯಿತು. ಬಿಸಿಲು ಮಿಷನ್ನಿನ ಮೇಲೇ ಬಿದ್ದಿತ್ತು. ಕಬ್ಬು ಜಜ್ಜಿಹೋಗುವ ಸಣ್ಣ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮೊದಲ ಗ್ಲಾಸನ್ನು ಅತ್ತೆ ಬೆಳಕಿಗೆ ಹಿಡಿದು ನೋಡಿ ತಾನೇ ಕುಡಿದಳು.

ಆದರೆ ಗಿರಾಕಿಗಳೇ ಇಲ್ಲ! ಬಸ್ಸಿಗೆ ಕಾಯುತ್ತಿದ್ದವರು, ಕಿರುಚಾಟ ಕೇಳದೆ, ಇತ್ತ ತಿರುಗಲೂ ಇಲ್ಲ. ಎಷ್ಟೋ ಹೊತ್ತಿನ ಮೇಲೆ ಪಕ್ಕದ ಮನೆಯ ವೇಷಧಾರಿ ಬಂದರು.

"ರಾಕ್ಷಸ ಸತ್ನಾ ಎಂತ? ಹೊತ್ತ್ ಗೊತ್ತಾಗ್ದೇ ಮನಿಯೊಳ್ಗೇ ಕೂತಿದ್ದೆ."

ಸಂಗತಿ ಕೇಳಿ ನಕ್ಕು ಮನೆಗೆ ಹೋದವರು, ತಮ್ಮ ಹಳೆಯ ಗೆಜ್ಜೆಯ ಸರವೊಂದನ್ನು ತಂದು ದೊಡ್ಡ ಚಕ್ರಕ್ಕೆ ಕಟ್ಟಿದರು. "ಇನ್ ಇದ್ ಸ್ತ್ರೀವೇಷ. ಈಗ ಕುಣ್ಸಿ ಕಾಂಬ."

ಚಕ್ರ ತಿರುಗಿತು, ಗೆಜ್ಜೆ ಝಲ್ಲೆಂದಿತು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.

ಇದೆಲ್ಲ ಒಂದೇ ದಿನ ನಡೆಯಿತೆಂದು ನನ್ನ ನೆನಪು. ಅತ್ತೆಯ ಪ್ರಕಾರ ಗೆಜ್ಜೆ ಬಂದದ್ದು ವಾರ ಕಳೆದ ಮೇಲೆ. ಅವಳದೇ ಸರಿಯಿರಬಹುದು, ಚಂದದ ದಿನಗಳನ್ನು ನಾನು ಒಂದಕ್ಕೊಂದು ಅಂಟಿಸಿಬಿಡುತ್ತೇನೆ. ಮೊನ್ನೆ ಬಸ್ಸಿಳಿದಾಗ ಹನ್ನೊಂದು ದಾಟಿತ್ತು. ಗೆಜ್ಜೆ ಕೇಳುತ್ತಿತ್ತು, ಅದನ್ನೂ ಮೀರಿಸಿ ಅತ್ತೆಯ ದನಿ: "ಬಾ ಹೆಣ್ಣೇ! ಶುಂಠಿ ಹಾಕುದಾ, ಬ್ಯಾಡ್ದಾ?"