ಫೋಟೊಗೆ ಬೇಡವಾದ ಹೂವು

ನಂಜನಗೂಡಿನ ರೈಲು ನಿಲ್ದಾಣದ ಹಿಂದೆ ನಮ್ಮ ಕಾಲೊನಿ. ತೊಂಬತ್ತರ ದಶಕದಲ್ಲಿ ಪ್ರತಿ ಭಾನುವಾರ ಟಿ. ನರಸೀಪುರದಿಂದ ಬಸ್ಸಿನಲ್ಲಿ ಒಬ್ಬ ಟೀಚರಕ್ಕ ಬರುತ್ತಿದ್ದರು. ಶೀಟಿನ ಕೊಠಡಿಯೊಂದರಲ್ಲಿ ಮಕ್ಕಳಿಗೆ ಯೇಸುವಿನ ಹಾಡು ಹೇಳಿಕೊಡುತ್ತಿದ್ದರು, ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದರು. ಕಜ್ಜಿಯಾದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮುಲಾಮು ಹಚ್ಚುತ್ತಿದ್ದರು. ಅವರ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು.

ನನ್ನ ತಂಗಿ ಏಳನೇ ತರಗತಿ ಮುಗಿಸಿದಾಗ, ನರಸೀಪುರದ ತಮ್ಮ ಹಾಸ್ಟೆಲಿಗೆ ಸೇರಿಸಿ ಹೈಸ್ಕೂಲು ಓದಿಸುತ್ತೇವೆ ಎಂದು ಟೀಚರಕ್ಕ ಅವ್ವನಿಗೆ ಹೇಳಿದರು. ಹೊರದೇಶದ ಒಂದು ಕುಟುಂಬ ಖರ್ಚು ನೋಡಿಕೊಳ್ಳುತ್ತದೆ, ಅವರಿಗೆ ಮಗುವಿನ ಫೋಟೊ ಕಳಿಸಬೇಕು, ಅಷ್ಟೆ. ಹಾಸ್ಟೆಲ್ ಸಿಗದಿದ್ದರೆ ತಂಗಿಯೂ ಅವ್ವನ ಪಕ್ಕ ಕೂತು ಊದುಬತ್ತಿ ಹೊಸೆಯಬೇಕಿತ್ತು. ನಾನು ಆಗಲೇ ಹೊಸೆಯುತ್ತಿದ್ದೆ.

ಫೋಟೊ ಎಂದರೆ ನಮ್ಮಲ್ಲಿ ಸಿಂಗಾರ. ಅವ್ವ ತಂಗಿಗೆ ತಲೆಗೆ ನೀರು ಹಾಕಿ, ಎರಡು ಜಡೆ ಹೆಣೆದು, ಮಲ್ಲಿಗೆ ಮುಡಿಸಿ, ಕುಂಕುಮ ಇಟ್ಟಳು. ಪಕ್ಕದ ಮನೆಯವಳಿಂದ ರೇಷ್ಮೆ ಲಂಗ ಕೇಳಿ ತಂದಳು.

“ಏನಕ್ಕಾ, ಗಂಡಿನ ಕಡೆಯೋರು ಬತ್ತಾವ್ರಾ?” ಎಂದು ಅವಳು ರೇಗಿಸಿದಳು.

“ಊಂ ಕಣೆ. ಐಸ್ಕೂಲು ಅನ್ನೋ ಗಂಡು!” ಎಂದಳು ಅವ್ವ.

ಫೋಟೊ ತೆಗೆಯುವವನು ಬೆಂಗಳೂರಿನಿಂದ ಬಂದಿದ್ದ. ತಂಗಿಯನ್ನು ನೋಡಿ ಕ್ಯಾಮೆರಾ ಇಳಿಸಿದ.

“ಇದೇನ್ ಸಿಸ್ಟರ್, ಮದುವೆ ಮನೆಗೆ ಹೊರಟ ಹಾಗಿದೆ? ಹಳೇ ಬಟ್ಟೆ ಹಾಕ್ಸಿ. ಹೂವು ತೆಗೆಸಿ. ಬೊಟ್ಟೂ ಒರೆಸಿ. ನೋಡಿದೋರಿಗೆ ಅಯ್ಯೋ ಅನ್ನಿಸ್ಬೇಕಲ್ಲ!”

“ಹೂವಾದ್ರೂ ಇರ್ಲಿ ಬಿಡಿ ಬ್ರದರ್,” ಎಂದರು ಟೀಚರಕ್ಕ.

“ನನಗೇನು? ಇಂಥ ಫೋಟೊ ಕಳಿಸಿದ್ರೆ ವಾಪಸ್ ಬರುತ್ತೆ. ಸೀಟು ಬೇರೆ ಮಗೂಗೆ ಹೋಗುತ್ತೆ.” ಹಾಗೆನ್ನುತ್ತಲೇ ಅವನು ತಂಗಿಯ ಜಡೆಗೆ ಕೈ ಹಾಕಿದ.

ನಮ್ಮಲ್ಲಿ ಹೆಣ್ಣಿನ ತಲೆಯ ಹೂವನ್ನು ಬೇರೆಯವರು ಕಿತ್ತು, ಕುಂಕುಮ ಒರೆಸುವುದು ಗಂಡ ಸತ್ತಾಗ, ಹೆಣದ ಮುಂದೆ. ಅಪ್ಪ ಸತ್ತಾಗ ಅವ್ವನಿಗೆ ಹಾಗೆ ಮಾಡಿದ್ದನ್ನು ನಾನು ಕಂಡಿದ್ದೆ.

“ಮುಟ್ಬ್ಯಾಡ ಕಣಪ್ಪ,” ಎಂದಳು ಅವ್ವ. “ನನ್ ತಲೇದು ಕಿತ್ತಾಗ ಸುಮ್ಕಿದ್ದೆ. ಇದಿನ್ನೂ ಕೂಸು.”

ಅವ್ವ ಟೀಚರಕ್ಕನ ಮುಖ ನೋಡಿದಳು. ಅವರು ತಲೆ ತಗ್ಗಿಸಿದರು. ಆಮೇಲೆ ಅವ್ವನೇ ತಂಗಿಯ ಲಂಗ ಬಿಚ್ಚಿ ಹಳೇ ಫ್ರಾಕು ತೊಡಿಸಿದಳು. ಪಿನ್ನು ಬಿಡಿಸಿ ಹೂವನ್ನು ತನ್ನ ಮಡಿಲಿಗೆ ಹಾಕಿಕೊಂಡಳು. ಸೆರಗು ಒದ್ದೆ ಮಾಡಿ ಹಣೆ ಒರೆಸಿದಳು. ಕುಂಕುಮ ಹುಬ್ಬಿನವರೆಗೂ ಹರಡಿತು.

“ಹಾಂ, ಹೀಗೆ. ನಗ್ಬೇಡ ಪಾಪು,” ಎಂದ ಅವನು. ತಂಗಿ ನಗುತ್ತಿರಲಿಲ್ಲ.

ನಾವು ಬಡವರೇ. ಆ ಹರಿದ ಫ್ರಾಕೂ ನಮ್ಮದೇ. ಆದರೆ ಆ ಬೆಳಿಗ್ಗೆ ತಲೆಗೆ ನೀರು ಹಾಕಿದ್ದೂ ನಮ್ಮವ್ವನೇ. ಅದು ಅವನಿಗೆ ಬೇಡವಾಯಿತು. ಕಡಲಾಚೆಯ ಆ ಮನೆಯವರು ಮುಡಿದ ಹೂವನ್ನು ಕಂಡಿದ್ದರೆ ಅನ್ನ ಕೊಡುತ್ತಿರಲಿಲ್ಲವೇ? ಅವರನ್ನು ಕೇಳಿದವರಾದರೂ ಯಾರು?

ತಂಗಿಗೆ ಸೀಟು ಸಿಕ್ಕಿತು. ಓದಿದಳು, ನರ್ಸ್ ಆದಳು. “ಓದಿಸಿದ್ರಲ್ಲ, ಇನ್ನೇನು?” ಎನ್ನುತ್ತಾರೆ ಜನ. ಓದಿಸಿದರು, ಇಲ್ಲವೆನ್ನುವುದಿಲ್ಲ. ನನ್ನ ಸಿಟ್ಟು ಮಾತ್ರ ಇಳಿದಿಲ್ಲ.

ಹಾಸ್ಟೆಲಿನಲ್ಲಿದ್ದಾಗ ಅವಳು ರಜೆಗೆ ಬರುವಾಗಲೆಲ್ಲ ಅವ್ವ ಎಲೆಯಲ್ಲಿ ಹೂವು ಕಟ್ಟಿಕೊಂಡು ನರಸೀಪುರದ ಬಸ್ಸಿಗೆ ಕಾಯುತ್ತಿದ್ದಳು. ತಂಗಿ ಇಳಿದು ಚೀಲ ಕೆಳಗಿಡುವ ಮೊದಲೇ, ಅಷ್ಟು ಜನರ ನಡುವೆ, “ತಿರುಕ್ಕೊ ಮಗಾ” ಎಂದು ಜಡೆಗೆ ಕೈ ಹಾಕುತ್ತಿದ್ದಳು.