ಗೆರೆ ಹಾಕುತ್ತಿದ್ದ ಚಾಚಾ

ಇದನ್ನು ಹೇಳುವುದನ್ನು ನಲವತ್ತು ವರ್ಷ ಮುಂದೂಡಿದೆ.

ನಮ್ಮೂರು ಹರಪನಹಳ್ಳಿಯಲ್ಲಿ ಫುಟ್‌ಬಾಲ್ ಪಂದ್ಯವಿದ್ದ ದಿನ, ಮನೆಗಳಿಗೆ ಸುಣ್ಣ ಬಳಿಯುವ ಚಾಚಾ ಎಲ್ಲರಿಗಿಂತ ಮೊದಲು ಬಂದು ದಾರ ಕಟ್ಟಿ, ಮುಷ್ಟಿಯಿಂದ ಸುಣ್ಣದ ಪುಡಿ ಉದುರಿಸುತ್ತ ಗೆರೆ ಹಾಕುತ್ತಿದ್ದರು.

"ನಮ್ಮ ಗೋಲಿನ ಗೆರಿ ಒಂದು ಗೇಣು ಹಿಂದಕ್ಕ ಹಾಕ್ರಿ ಚಾಚಾ" ಎಂದು ನಾವು ಹುಡುಗರು ಚೇಷ್ಟೆ ಮಾಡಿದರೆ, "ಗೆರಿಗೆ ಯಾವ ಊರೂ ಇಲ್ಲಪಾ" ಎನ್ನುತ್ತಿದ್ದರು.

ಒಮ್ಮೆ ಹಡಗಲಿಯವರು ಹೊಡೆದ ಚೆಂಡು ನಮ್ಮ ಗೋಲಿನ ಗೆರೆ ದಾಟಿತು. ಗೋಲ್‌ಕೀಪರ್ ಅದನ್ನು ಹೊರಗೆಳೆದ. ಜನ ನುಗ್ಗಿದರು. ಗೋಲಿನ ಕಂಬದ ಪಕ್ಕ ನಿಂತು ಆಟ ನೋಡುತ್ತಿದ್ದ ನಾನು ಆ ಗದ್ದಲದಲ್ಲಿ ಗೆರೆಯನ್ನು ಕಾಲಿನಿಂದ ಒರೆಸಿಬಿಟ್ಟೆ. ರೆಫರಿ ಬಂದು ನೋಡಿದರೆ ಗೆರೆಯೇ ಇಲ್ಲ, ಗೋಲು ಕೊಡಲಿಲ್ಲ.

"ಯಾವನಲೇ ಗೆರಿ ಹಾಕಿದಾಂವ? ಸುಣ್ಣ ಮನಿಗೆ ಒಯ್ದಿಯೇನು?" ಹಡಗಲಿಯವನೊಬ್ಬ ಚಾಚಾನ ಅಂಗಿ ಹಿಡಿದ.

ಚಾಚಾ ಸುಣ್ಣ ಮೆತ್ತಿ ಬೆಳ್ಳಗಾಗಿದ್ದ ನನ್ನ ಚಪ್ಪಲಿ ನೋಡಿದರು. ಆಮೇಲೆ, "ತಪ್ಪು ನಂದೈತ್ರಿ, ಸುಣ್ಣ ಸಾಲಲಿಲ್ಲ" ಎಂದರು.

ಅಂದಿನಿಂದ ಊರು ಅವರನ್ನು ಸುಣ್ಣಗಳ್ಳ ಎಂದಿತು. ನಾನೂ ನಕ್ಕೆ. ಮುಂದಿನ ಪಂದ್ಯಕ್ಕೆ ಅವರು ನನ್ನನ್ನೇ ಕರೆದು ದಾರದ ತುದಿ ಕೊಟ್ಟರು. "ಬಿಗಿ ಹಿಡಿ ಬೇಟಾ."

ನನ್ನನ್ನೇಕೆ ಕಾಪಾಡಿದರು? ಕೇಳಬಹುದಿತ್ತು. ಅವರು ಇರುವವರೆಗೂ ದಾರ ಹಿಡಿದೆ, ಕೇಳಲಿಲ್ಲ; ಕ್ಷಮೆಯನ್ನೂ ಕೇಳಲಿಲ್ಲ.

ಆ ಅಡ್ಡಹೆಸರು ಹಳಬರಿಗೆಲ್ಲ ಇನ್ನೂ ನೆನಪಿದೆ. ಅವರ ನಿಜವಾದ ಹೆಸರು ನನಗೆ ಗೊತ್ತು. ಸುಣ್ಣಗಳ್ಳ ಎಂಬ ಮಾತಿನ ಪಕ್ಕ ಅದನ್ನು ಬರೆಯಲು ಕೈ ಏಳುತ್ತಿಲ್ಲ.