ತೆಂಗಿನ ಪುಡಿಯ ಗುಡ್ಡೆಯಲ್ಲಿ ಹಿಮದ ಪಾಠ

ಹೂಕುಂಡಗಳಿಗೆಂದು ತಂದ ತೆಂಗಿನ ನಾರಿನ ಪುಡಿಯ ಇಟ್ಟಿಗೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿದ್ದೆ. ನೀರು ಕುಡಿದು ಅದು ಉಬ್ಬಿತು, ಒದ್ದೆ ಸಿಪ್ಪೆಯ ಕಮಟು ವಾಸನೆ ಜಗಲಿ ತುಂಬಿತು. ಈ ವಾಸನೆಗೆ ನಿಮಗೆ ತೋಟ ನೆನಪಾದೀತು. ನನಗೆ ನೆನಪಾಗುವುದು ಹಿಮಾಲಯ. ನಗಬೇಡಿ. ಅರಸೀಕೆರೆಯಲ್ಲಿ ಹುಟ್ಟಿದವಳು ಹಿಮದ ಪಾಠವನ್ನು ಇನ್ನೆಲ್ಲಿ ಕಲಿಯಬೇಕಿತ್ತು, ನೀವೇ ಹೇಳಿ. ಒಳಗೆ ಅಮ್ಮ ಎಲ್ಲಿಗೋ ಹೊರಡುವ ಸಡಗರದಲ್ಲಿದ್ದಳು. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆಗ ತೊಂಬತ್ತರ ದಶಕ ಮುಗಿಯುತ್ತಿತ್ತು. ಕಾಲೇಜಿನ ಎನ್‌ಸಿಸಿಯಿಂದ ಹಿಮಾಚಲದ ಒಂದು ಶಿಬಿರಕ್ಕೆ ನಾನು ಆಯ್ಕೆಯಾಗಿದ್ದೆ. ವಸಂತದಲ್ಲಿ, ಜನ ತುಳಿಯದ ಬೆಟ್ಟಗಳ ಮೇಲೆ ಸ್ಕೀ ಕಟ್ಟಿಕೊಂಡು ಹತ್ತುವುದು, ಜಾರುವುದು. ಐಸ್‌ಕ್ಯಾಂಡಿ ಬಿಟ್ಟರೆ ಹಿಮದ ಮುಖ ಕಂಡವಳಲ್ಲ ನಾನು.

"ಕಾಲಿಗೆ ಹಲಗೆ ಕಟ್ಕೊಂಡು ಬೀಳೋಕೆ ಅಷ್ಟು ದೂರ ಹೋಗ್ಬೇಕೇನೇ? ನಮ್ಮ ಬಚ್ಚಲಲ್ಲೇ ಬೀಳಬಹುದಲ್ಲ!" ಎಂದಳು ಅಮ್ಮ. ಕೊನೆಗೆ, "ನಿಮ್ಮ ಚಿಕ್ಕಪ್ಪ ಹೂಂ ಅಂದ್ರೆ ಹೋಗು" ಎಂದು ಕೈತೊಳೆದುಕೊಂಡಳು.

ಚಿಕ್ಕಪ್ಪ ಸೈನ್ಯದಿಂದ ನಿವೃತ್ತನಾಗಿ ಹಾರನಹಳ್ಳಿಯಲ್ಲಿದ್ದ. ವರ್ಷಗಟ್ಟಲೆ ಹಿಮದಲ್ಲಿ ಕಾವಲು ಕಾದವನು. ಅವನು ಖುಷಿಯಿಂದ ಬೆನ್ನು ತಟ್ಟುತ್ತಾನೆ ಅಂದುಕೊಂಡು ಹೋದೆ.

"ಮೇಲಿಂದ ಹಿಮ ಕುಸಿದ್ರೆ ಏನ್ ಮಾಡ್ತೀಯ?"

"ಓಡ್ತೀನಿ."

"ಸತ್ತೋಯ್ತೀಯ. ಭಾನುವಾರ ಬಾ."

ಊರಾಚೆ ಒಂದು ನಾರಿನ ಕಾರ್ಖಾನೆ ಇತ್ತು. ಅದರ ಹಿಂದೆ ಯಾರಿಗೂ ಬೇಡವಾದ ಪುಡಿ ಗುಡ್ಡೆಗುಡ್ಡೆಯಾಗಿ ಬಿದ್ದಿತ್ತು. ಅದೇ ನನ್ನ ಹಿಮಾಲಯ. ಚಿಕ್ಕಪ್ಪ ತನ್ನ ಟ್ರಾನ್ಸಿಸ್ಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಹಾಡುತ್ತಿರುವಂತೆಯೇ ಗುಡ್ಡೆಯೊಳಗೆ ಎಲ್ಲೋ ಹೂತುಬಿಡುತ್ತಿದ್ದ. ಹಿಮದಡಿ ಹೂತುಹೋದರೆ ಹುಡುಕಲು ಸಿಗಲೆಂದು ಎದೆಗೆ ಕಟ್ಟಿಕೊಳ್ಳುವ ಬೀಪ್ ಯಂತ್ರಕ್ಕೆ ನಮ್ಮಲ್ಲಿ ಅದೇ ಬದಲಿ. ನಾನು ಕಿವಿಗೊಟ್ಟು, ಬಿದಿರಿನ ಗಳ ಚುಚ್ಚಿ, ತಟ್ಟೆಯಲ್ಲಿ ತೋಡಿ ಹುಡುಕಬೇಕು. ಒಮ್ಮೆ ನೆಲದೊಳಗಿನಿಂದ ಯಾರೋ ತೆಂಗಿನ ನುಸಿರೋಗಕ್ಕೆ ಔಷಧ ಹೇಳುತ್ತಿದ್ದರು. ನಗು ತಡೆಯಲಾಗದೆ ನಾನು ಕುಸಿದು ಕೂತೆ. "ನಗು, ನಗು. ಒಳಗಿರೋನು ಉಸಿರು ಕಟ್ಟಿ ಹೋದ" ಎಂದ ಚಿಕ್ಕಪ್ಪ. ನನ್ನ ನಗು ಅಲ್ಲಿಗೇ ನಿಂತಿತು.

ಹುಡುಕುವುದಕ್ಕಿಂತ ಕಷ್ಟವಾಗಿದ್ದು ಉಳಿದ ಪಾಠಗಳು. ಇಳಿಜಾರನ್ನು ಒಬ್ಬೊಬ್ಬರೇ ದಾಟಬೇಕು, ಉಳಿದವರು ಅವರ ಮೇಲಿಂದ ಕಣ್ಣು ಕೀಳಬಾರದು. ಅನುಮಾನ ಬಂದರೆ ಹಿಂದಕ್ಕೆ ತಿರುಗಬೇಕು. ಹೊರಡುವವರನ್ನು ಎಲ್ಲಿಗೆ, ಯಾವ ದಾರಿ, ಯಾವಾಗ ವಾಪಸ್ ಎಂದು ಕೇಳಿಯೇ ಬಿಡಬೇಕು. ನಮ್ಮ ಮನೆಯಲ್ಲಿ ಎಲ್ಲ ತಿರುಗಾಮುರುಗಾ! ಹೊರಟವರನ್ನು 'ಎಲ್ಲಿಗೆ' ಅಂದರೆ ಅಪಶಕುನ. "ದೂರ ಹೊರಟ್ರಾ?" ಅನ್ನಬೇಕು, ಅವರು "ಇಲ್ಲೇ" ಅನ್ನಬೇಕು. ಹೊಸ್ತಿಲು ದಾಟಿದವರು ಹಿಂದೆ ಬರಕೂಡದು. ಬಂದರೆ ಕೂತು, ನೀರು ಕುಡಿದು, ಮತ್ತೆ ಹೊಸದಾಗಿ ಹೊರಡಬೇಕು. ಅಮ್ಮ ಈ ಕಾನೂನುಗಳನ್ನು ಸಾಸಿವೆಯಷ್ಟೂ ಸಡಿಲಿಸಿದವಳಲ್ಲ.

ಕೊನೆಯ ಭಾನುವಾರ ಅಮ್ಮನೂ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಗುಡ್ಡೆಯ ಹತ್ತಿರ ಬಂದಿದ್ದಳು. "ಹೊರಟ ಹುಡುಗೀನ ಎಲ್ಲಿಗೆ ಅಂತ ಕೇಳೋದೇ? ಎಂಥ ಪಾಠ ಹೇಳ್ಕೊಡ್ತಿದ್ದೀಯಪ್ಪ!" ಎಂದು ಚಿಕ್ಕಪ್ಪನನ್ನು ಆಡಿಕೊಂಡಳು. ಚಿಕ್ಕಪ್ಪ ಟ್ರಾನ್ಸಿಸ್ಟರ್ ಆರಿಸಿದ.

"ಅತ್ತಿಗೆ, ನನ್ ಜೊತೆ ಗಂಡಸಿ ಊರಿನ ಶಿವಣ್ಣ ಅಂತಿದ್ದ. ಒಂದಿನ ಸೀಮೆಎಣ್ಣೆ ಡಬ್ಬ ತಗಂಡು ಕೆಳಗಿನ ಕಾವಲು ಠಾಣೆಗೆ ಹೊಂಟ. ಎರಡು ದಾರಿ ಇದ್ವು. ಯಾವ ದಾರೀಲಿ ಹೋಯ್ತೀಯ ಅಂತ ಬಾಯಿಗೆ ಬಂತು. ಹೊಂಟೋನ್ನ ಕೇಳಬಾರ್ದು ಅಂತ ನುಂಗ್ಕಂಡೆ. ಹುಷಾರಾಗಿ ಬಾರ್ಲಾ ಅಂದೆ, ಅಷ್ಟೆಯ." ಟ್ರಾನ್ಸಿಸ್ಟರಿನ ಚೀಲಕ್ಕೆ ಮೆತ್ತಿದ್ದ ಪುಡಿಯನ್ನು ಕೊಡವಿದ. "ಎರಡು ದಾರಿ ಮೇಲೂ ಹಿಮ ಕುಸೀತು. ನಾವು ಎಡಗಡೆ ಅಗೆದ್ವಿ. ಅವನು ಬಲಗಡೆ ಇದ್ದ."

ನನಗೆ ಅಳು ಬಂತು. ಅಮ್ಮ ಲೋಟದಲ್ಲಿ ಬಗ್ಗಿಸಿದ್ದ ಕಾಫಿಯನ್ನು ಯಾರಿಗೂ ಕೊಡದೆ ಹಿಡಿದುಕೊಂಡೇ ಕೂತಿದ್ದಳು. ಹಿಂದಿರುಗುವ ದಾರಿಯಲ್ಲಿ, "ಹೋಗ್ಲಿ ಬಿಡು ಅತ್ತಿಗೆ, ಕಲ್ತವ್ಳೆ" ಎಂದ ಚಿಕ್ಕಪ್ಪ. ಅದೇ ಅವನ 'ಹೂಂ'.

ಹೊರಡುವ ದಿನ ಸ್ಟೇಷನ್ನಿಗೆ ಅಮ್ಮನ ಜೊತೆ ಪಕ್ಕದ ಮನೆ ಕಮಲಮ್ಮನೂ ಬಂದಿದ್ದರು. ಕೋಡುಬಳೆ ಡಬ್ಬಿ ಕಿಟಕಿಯಿಂದ ಒಳಗೆ ಬಂತು. ರೈಲು ಅಲುಗಿದ್ದೇ ತಡ, ಅಮ್ಮ ಕಿಟಕಿಯ ಸರಳು ಹಿಡಿದು ಜೋರಾಗಿ ಕೇಳಿಬಿಟ್ಟಳು:

"ಎಲ್ಲಿಗೆ ಹೋಗ್ತಿದ್ದೀಯೇ?"

"ಅಯ್ಯಯ್ಯೋ! ಹೊರಟವಳನ್ನ ಹಾಗೆ ಕೇಳ್ತಾರೇನ್ರೀ?" ಕಮಲಮ್ಮ ಬಾಯಿಯ ಮೇಲೆ ಕೈಯಿಟ್ಟರು.

"ನೀವು ಸುಮ್ನಿರಿ ಕಮಲಮ್ಮ. ಹೇಳೇ! ಯಾವ ದಾರಿ? ಯಾರ ಜೊತೆ? ಯಾವತ್ತು ವಾಪಸ್?"

ರೈಲಿನ ಜೊತೆಗೇ ಅವಳು ಹೆಜ್ಜೆ ಹಾಕುತ್ತಿದ್ದಳು. ನಾನು ಊರು, ಬೆಟ್ಟ, ದಿನ ಎಲ್ಲವನ್ನೂ ಕೂಗಿ ಹೇಳಿದೆ. ಅವಳು ಪಾಠ ಒಪ್ಪಿಸುವ ಮಗುವಿನ ಹಾಗೆ ಅದನ್ನೇ ತಿರುಗಿ ಹೇಳಿಕೊಳ್ಳುತ್ತ ಹಿಂದುಳಿದಳು.

ಶಿಬಿರದಲ್ಲಿ ನಾನು ಎಷ್ಟು ಸಲ ಬಿದ್ದೆ ಎಂಬುದನ್ನು ಬಿಟ್ಟುಬಿಡೋಣ. ಕೊನೆಯ ದಿನದ ಏರಿನಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಮೇಲಿಂದ ಹಿಮದ ಸಣ್ಣ ಉಂಡೆಗಳು ತಾವಾಗಿಯೇ ಉರುಳಿ ಬರತೊಡಗಿದವು. ಹಿಮ ಒಳಗೊಳಗೇ ನೀರಾಗುತ್ತಿದೆ ಎಂಬುದರ ಗುರುತು ಅದು. ಗುಂಪಿನಲ್ಲಿ ಒಬ್ಬರು ಬೇಡವೆಂದರೂ ಎಲ್ಲರೂ ತಿರುಗಬೇಕೆಂಬುದು ಅಲ್ಲಿನ ನಿಯಮ. ನಾನು ಬೇಡ ಎಂದೆ. ತುದಿ ಕಾಣುತ್ತಿತ್ತು. ಎಲ್ಲರೂ ನನ್ನನ್ನು ದುರುಗುಟ್ಟಿ ನೋಡುತ್ತ ಇಳಿದರು. ಆ ಇಳಿಜಾರು ಸಂಜೆಯತನಕ ಕುಸಿಯಲೇ ಇಲ್ಲ. ನನಗೆ ನಾಚಿಕೆಯಿಂದ ಊಟ ಸೇರಲಿಲ್ಲ.

ಊರಿಗೆ ಬಂದಾಗ ಚಿಕ್ಕಪ್ಪ ನಮ್ಮ ಮನೆ ಬಾಗಿಲಲ್ಲೇ ಕಾದಿದ್ದ. ಅರ್ಧದಿಂದ ತಿರುಗಿದ ಕಥೆ ಹೇಳಿದೆ.

"ಕುಸೀಲಿಲ್ವಾ? ಒಳ್ಳೇದಾಯ್ತು ಬಿಡು ಮಗಾ. ಯಾರಿಗೂ ಅಗೆಯೋ ಕೆಲಸ ಬರ್ಲಿಲ್ಲ."

ಅಮ್ಮ, "ಅರ್ಧಕ್ಕೇ ತಿರುಗಿದ್ಯಾ? ಹಾಗಾದ್ರೆ ಕೂತ್ಕೊ" ಎಂದು ನೀರು ತಂದು ಕೊಟ್ಟಳು.

ಚಿಕ್ಕಪ್ಪ ಈಗಿಲ್ಲ. ಕಾರ್ಖಾನೆಯವರು ಆ ಪುಡಿಯನ್ನೇ ಇಟ್ಟಿಗೆ ಮಾಡಿ ಮಾರುತ್ತಾರೆ, ನನ್ನಂಥವರು ದುಡ್ಡು ಕೊಟ್ಟು ತರುತ್ತೇವೆ. ನಾನು ಬಕೆಟ್ಟಿನಿಂದ ಕೈ ತೆಗೆದು ಒರೆಸಿಕೊಳ್ಳುವಷ್ಟರಲ್ಲಿ ಅಮ್ಮ ಚಪ್ಪಲಿ ಮೆಟ್ಟಿ, ಯಾರೂ ಕೇಳದಿದ್ದರೂ ಒಪ್ಪಿಸಿದಳು:

"ಹಳೇಬೀಡಿಗೆ. ಮೊದಲು ಬಸ್ತಿಹಳ್ಳಿ ಬಸದಿ, ಆಮೇಲೆ ದೇವಸ್ಥಾನ. ಕಮಲಮ್ಮನ ಜೊತೆ, ಅವರ ಮಗನ ಕಾರಲ್ಲಿ. ಕತ್ತಲಾಗೋದ್ರೊಳಗೆ ವಾಪಸ್. ಬೇಲೂರಿಗೆ ಹೋಗಲ್ಲ."

ಹೋದಳು. ಇನ್ನೂ ಒಂದು ಕುಂಡಕ್ಕೂ ಪುಡಿ ತುಂಬಿರಲಿಲ್ಲ, ಗೇಟು ಕಿರ್ ಅಂದಿತು. ಏದುಸಿರು ಬಿಡುತ್ತ ಅಮ್ಮ!

"ಏನಮ್ಮ, ಕನ್ನಡಕ ಮರೆತ್ಯಾ?"

"ಇಲ್ಲ ಕಣೇ. ಬೇಲೂರಿಗೂ ಹೋಗೋಣ ಅಂತಿದ್ದಾರೆ ಕಮಲಮ್ಮ. ನಿಂಗೆ ಹೇಳಿ ಹೋಗೋಣ ಅಂತ ಬಂದೆ."

ಅವಳ ಕೈಚೀಲದಲ್ಲಿ ಫೋನೂ ಇತ್ತು. ನಾನು ಅದನ್ನು ನೆನಪಿಸಲಿಲ್ಲ. ಅವಳು ಜಗಲಿಯ ಮೇಲೆ ಕೂತಳು, ನಾನು ನೀರು ತಂದೆ. ಕುಡಿದು, ಲೋಟ ಕೊಟ್ಟು, ಹೊಸದಾಗಿ ಹೊರಟಳು. ಕೈಯಲ್ಲಿ ಒದ್ದೆ ಪುಡಿ ಮೆತ್ತಿಕೊಂಡೇ ಗೇಟಿನ ಬಳಿ ನಿಂತೆ. ಅವಳು ರಸ್ತೆ ದಾಟಿ ಕಾರು ಹತ್ತುವ ತನಕ ಕಣ್ಣು ಕೀಳಲಿಲ್ಲ.